ಸೊಂಡಿಲಿಲ್ಲದ ಆನೆ

ಅಕ್ಟೋಬರ್ 24, ಶುಕ್ರವಾರ

ಈ ನನ್ನ ಬಾಯಿಗೆ ಹೊಲಿಗೆ ಹಾಕಿಸಬೇಕು.

ದೀಪಾವಳಿ ಮುಗಿದ ಮೇಲೆ ಮೊದಲ ಸಲ ಬೀಗರು ಊಟಕ್ಕೆ ಬಂದಿದ್ದರು. ಹರಿಹರದಿಂದ ದಾವಣಗೆರೆಯ ನಮ್ಮ ಪಿ.ಜೆ. ಬಡಾವಣೆಗೆ ಮಹಾ ಎಷ್ಟು ದೂರ? ಆದರೂ ಹಾಲೇಶಪ್ಪನವರು ಇಸ್ತ್ರಿ ಮುರಿಯದ ಬಿಳಿ ಅಂಗಿ ಹಾಕಿಕೊಂಡು, ಕಸ್ತೂರಮ್ಮ ರೇಷ್ಮೆ ಸೀರೆ ಉಟ್ಟುಕೊಂಡು, ಭಾನುವಳ್ಳಿ ಹೊಲದ ಬಾಳೆಗೊನೆ ಹೊರಿಸಿಕೊಂಡು ಬಂದಿದ್ದರು. ಅಲ್ಲೇ ಶಾಲೆಯಲ್ಲಿ ಟೀಚರ್ ಆಗಿರುವ ಅವರ ಮಗಳು ಕೃತಿಕಾಗೂ ನಮ್ಮ ನಾಗಭೂಷಣನಿಗೂ ನಿಶ್ಚಯವಾಗಿ ತಿಂಗಳಾಯಿತು. ಫೆಬ್ರುವರಿಯಲ್ಲಿ ಮದುವೆ. ನನಗಿರುವವನು ಒಬ್ಬನೇ ಮಗ, ಬರುವವಳು ಒಬ್ಬಳೇ ಸೊಸೆ. ಅವರ ಕಣ್ಣಲ್ಲಿ ಚೆನ್ನಾಗಿ ಕಾಣಬೇಕು ಅನ್ನುವ ಹಂಬಲ ನನಗೆ ಸ್ವಲ್ಪ ಜಾಸ್ತಿಯೇ ಇದೆ.

ಹೋಳಿಗೆ ಬಡಿಸುವಾಗ ಗೌರಿ ಹುಣ್ಣಿಮೆ ಮಾತು ಬಂತು. ನಿಶ್ಚಯವಾದ ಮೇಲಿನ ಮೊದಲ ಗೌರಿ ಹುಣ್ಣಿಮೆಗೆ ಗಂಡಿನ ಮನೆಯವರು ಹುಡುಗಿಗೆ ಸೀರೆ, ಬಳೆ, ಹೂವಿನ ಜೊತೆ ಸಕ್ಕರೆ ಆರತಿ ಒಯ್ಯಬೇಕಲ್ಲ. ಆನೆ, ಗಿಳಿ, ಬಸವಣ್ಣ, ತುಳಸಿಕಟ್ಟೆ, ಎಲ್ಲ ಸಕ್ಕರೆಯವೇ. ಹುಡುಗಿ ಅವನ್ನು ತಟ್ಟೆಯಲ್ಲಿಟ್ಟುಕೊಂಡು ಹೋಗಿ ಗೌರಮ್ಮನಿಗೆ ಬೆಳಗುತ್ತಾಳೆ.

"ನೀವು ತ್ರಾಸು ತಗೊಬ್ಯಾಡ್ರಿ. ಈಗ ಅಂಗಡ್ಯಾಗ ಚೆಂದನ್ನವು ಸಿಗ್ತಾವ. ನಮ್ಮೂರಾಗೂ ಮನೆಯಾಗ ಮಾಡಿ ಅಂಗಡಿಗೆ ಕೊಡೋರು ಅದಾರ," ಎಂದರು ಹಾಲೇಶಪ್ಪನವರು.

ಅಷ್ಟಕ್ಕೆ ಹ್ಞೂಂ ಅಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?

"ಅಯ್ಯ, ನಮ್ಮನ್ಯಾಗ ಪ್ಯಾಟೆ ಆರತಿ ನಡೆಯಂಗಿಲ್ರಿ. ನಮ್ಮತ್ತೆ ಕಾಲದ ಅಚ್ಚು ಅದಾವ. ನಾನೇ ಕೈಯಾರ ಮಾಡಿ ತರ್ತೀನಿ," ಎಂದೆ. ಅಲ್ಲಿಗಾದರೂ ನಿಲ್ಲಿಸಿದೆನಾ? ಇಲ್ಲ. "ಗೌರಮ್ಮನ ಆರತೀನ ಅಂಗಡ್ಯಾಗಿಟ್ಟು ಮಾರಾದು ಅಂದ್ರೇನ್ರಿ? ಅಂಥೋರ ಮನ್ಯಾಗ ಗೌರಿ ನಿಲ್ತಾಳೇನು?"

ಕಸ್ತೂರಮ್ಮ ಕೈಯಲ್ಲಿದ್ದ ಹೋಳಿಗೆ ಎಲೆಗಿಟ್ಟು ತಲೆ ತಗ್ಗಿಸಿದರು. ಹಾಲೇಶಪ್ಪನವರು ನೀರು ಕೇಳಿದರು. ತುಪ್ಪ ಕಮ್ಮಿಯಾಯಿತೇನೋ ಎಂದು ನಾನು ಇನ್ನೊಂದು ಮಿಳ್ಳಿ ಬಡಿಸಿದೆ.

ಅವರು ಹೋದ ಮೇಲೆ ಇವರು ಹಲ್ಲು ಕಡ್ಡಿ ಹಿಡಿದು ಕೇಳಿದರು: "ಅಲ್ಲ ರೇಖಾ, ನೀನು ಯಾವಾಗ ಆರತಿ ಮಾಡೀ?"

ಮಾಡಿಲ್ಲ. ಅತ್ತೆ ಮಾಡುತ್ತಿದ್ದರು, ನಾನು ಪಾತ್ರೆ ತೊಳೆಯುತ್ತಿದ್ದೆ. ಅದನ್ನು ಇವರೊಬ್ಬರಿಗೇ ಗೊತ್ತಿರುವ ಹಾಗೆ ನೋಡಿಕೊಳ್ಳಬೇಕು.

ಅಕ್ಟೋಬರ್ 25, ಶನಿವಾರ

ನಾಗು ಅಟ್ಟ ಹತ್ತಿ ಅಚ್ಚುಗಳ ಗೋಣಿಚೀಲ ಇಳಿಸಿಕೊಟ್ಟ. ಸಾಗುವಾನಿ ಅಚ್ಚುಗಳು, ಒಂದೊಂದೂ ಎರಡೆರಡು ಹೋಳು. ಅತ್ತೆ ಹಳೆ ಸೀರೆಯ ಚೂರಿನಲ್ಲಿ ಜೋಡಿ ಜೋಡಿ ಕಟ್ಟಿಟ್ಟಿದ್ದಾರೆ. ಬಿಚ್ಚುವಾಗ ಅವರ ಕೈ ನೆನಪಾಯಿತು. ಕಲಿ ಬಾ ರೇಖಾ ಎಂದು ಪ್ರತಿ ವರ್ಷ ಕರೆಯುತ್ತಿದ್ದರು. ನನಗೆ ಆಗ ಟಿ.ವಿ. ಧಾರಾವಾಹಿ ಇರುತ್ತಿತ್ತು.

ಪಕ್ಕದ ಮನೆ ನಯನಾ ಕಾಂಪೌಂಡ್ ಮೇಲಿಂದಲೇ ಇಣುಕಿದಳು. ಅವಳ ಕಣ್ಣಿಗೆ ಬೀಳದೆ ನಮ್ಮ ಮನೆಯಲ್ಲಿ ಹಾಲು ಉಕ್ಕುವ ಹಾಗಿಲ್ಲ. "ಏನ್ರೀ ಅಕ್ಕಾ, ಆರತಿ ಮಾಡ್ತೀರಾ? ಮನೆಯಾಗ? ನನಗೂ ತೋರಿಸ್ರಿ ಮತ್ತ!" ಎಂದಳು. "ಅದಕ್ಕೇನ್ ಮಹಾ, ಬಾ," ಎಂದೆ. ಬಾಯಿ, ಬಾಯಿ.

ಅಕ್ಟೋಬರ್ 28, ಮಂಗಳವಾರ

ಇವರೂ ನಾಗುವೂ ನಮ್ಮ ಅಂಗಡಿಗೆ ಹೋದ ಮೇಲೆ ಬಾಗಿಲು ಹಾಕಿಕೊಂಡು ಶುರು ಮಾಡಿದೆ. ಸಕ್ಕರೆ, ನೀರು, ಒಲೆ. ಹೋಳಿಗೆ ಮಾಡುವವಳಿಗೆ ಇದೇನು ಅಂದುಕೊಂಡೆ. ಪಾಕ ಮೊದಲು ನೀರು ನೀರಾಗಿಯೇ ಇತ್ತು. ಇನ್ನೂ ಹೊತ್ತು ಹಿಡಿಯುತ್ತದೆ ಎಂದು ಹಿತ್ತಲಿಗೆ ಹೋಗಿ ಬಟ್ಟೆ ತೆಗೆದುಕೊಂಡು ಬರುವಷ್ಟರಲ್ಲಿ ಕಂದುಬಣ್ಣ. ಹಾಗೇ ಅಚ್ಚಿಗೆ ಹೊಯ್ದೆ. ಆರಿದ ಮೇಲೆ ಅಚ್ಚು ಬಿಡಿಸಲಿಕ್ಕೆ ಹೋದರೆ ಎರಡು ಹೋಳೂ ಕಚ್ಚಿಕೊಂಡು ಕೂತಿವೆ! ಅಚ್ಚನ್ನು ಹಿಂದಿನ ದಿನವೇ ನೀರಲ್ಲಿ ನೆನೆಹಾಕಬೇಕು ಅನ್ನುವುದು ಆಗ ನೆನಪಾಯಿತು. ಅತ್ತೆಯ ತಾಮ್ರದ ಹಂಡೆಯಲ್ಲಿ ಅಚ್ಚುಗಳು ತೇಲುತ್ತಿದ್ದದ್ದು ಅದಕ್ಕೇ. ನಾನು ಅದನ್ನು ತೊಳೆಯಲಿಕ್ಕೆ ಹಾಕಿದ್ದು ಅಂದುಕೊಂಡಿದ್ದೆ.

ಸ್ಕ್ರೂಡ್ರೈವರ್ ಹಾಕಿ ಎಬ್ಬಿಸಿದೆ. ಆನೆಯ ಬೆನ್ನು ಬಂತು, ಕಾಲು ಬರಲಿಲ್ಲ.

ಅಕ್ಟೋಬರ್ 30, ಗುರುವಾರ

ಈ ಸಲ ನೆನೆಹಾಕಿದ್ದೆ. ಈ ಸಲ ಪಾಕ ಗಟ್ಟಿಯಾಗಲೇ ಇಲ್ಲ. ಬಿಡಿಸಿದರೆ ಬಸವಣ್ಣ ತಟ್ಟೆ ತುಂಬ ಹರಿದು ಹೋದ. ದೇವರೇ, ಅವನನ್ನು ಒರೆಸುವ ಬಟ್ಟೆಯಿಂದ ಒರೆಸಿದೆ.

ಇರುವೆ ಸಾಲು ಅಡುಗೆಮನೆಯಿಂದ ದೇವರಕೋಣೆಯವರೆಗೆ ಬಂದಿದೆ. ನಯನಾ ಬಾಗಿಲು ಬಡಿದಳು. ತಲೆನೋವು ಅಂದೆ.

ನವೆಂಬರ್ 3, ಸೋಮವಾರ

ಇವತ್ತು ಮಾಡಿದ್ದನ್ನು ಬರೆಯುವುದಕ್ಕೇ ಕೈ ಬರುತ್ತಿಲ್ಲ. ಬರೆದೇ ಬಿಡುತ್ತೇನೆ.

ನಾಡಿದ್ದು ಹುಣ್ಣಿಮೆ. ದಾವಣಗೆರೆ ಪೇಟೆಯಲ್ಲಿ ಆರತಿ ಕೊಳ್ಳೋಣ ಎಂದರೆ ಅಲ್ಲಿ ಪ್ರತಿ ಅಂಗಡಿಯವನಿಗೂ ಇವರ ಪರಿಚಯ. "ಬಕ್ಕೇಶಣ್ಣನ ಮನಿಯೋರು ಆರತಿ ಒಯ್ದ್ರು" ಎಂದು ಸಂಜೆಯೊಳಗೆ ಊರಿಗೇ ಗೊತ್ತಾಗುತ್ತದೆ. ಅದಕ್ಕೆ ಹರಿಹರದ ಬಸ್ಸು ಹತ್ತಿದೆ. ಬೀಗರ ಊರಿಗೇ! ಅಲ್ಲಿ ನನ್ನನ್ನು ಬಲ್ಲವರು ಒಂದೇ ಮನೆಯವರು, ಆ ಮನೆ ಇರುವುದು ಊರಿನ ಇನ್ನೊಂದು ತುದಿಗೆ. ಬಿಸಿಲು ಎನ್ನುವ ನೆವದಲ್ಲಿ ತಲೆ ಮೇಲೆ ಸೆರಗು ಎಳೆದುಕೊಂಡೆ. ನನ್ನ ಬುದ್ಧಿವಂತಿಕೆಗೆ ನಾನೇ ಬೆನ್ನು ತಟ್ಟಿಕೊಂಡೆ.

ಪೇಟೆ ಬೀದಿಯಲ್ಲಿ ಕುತುಬುದ್ದೀನ್ ಸಾಬರು ಅನ್ನುವವರ ಅಂಗಡಿ. ಸಕ್ಕರೆ, ಬೆಲ್ಲ, ಊದಿನಕಡ್ಡಿ, ಎಲ್ಲ ಇದೆ. ಗಾಜಿನ ಪೆಟ್ಟಿಗೆಯಲ್ಲಿ ಆರತಿ ಜೋಡಿಸಿದ್ದರು.

"ಬಣ್ಣ ಹಾಕಿದ್ದು ಬ್ಯಾಡ್ರಿ. ಮನೆಯಾಗ ಮಾಡಿದಂಗ ಕಾಣೋವು ಕೊಡ್ರಿ," ಎಂದೆ.

"ಕಾಣೋದೇನಕ್ಕಾ, ಮನೆಯಾಗೇ ಮಾಡಿದ್ದು ಕೊಡ್ತೀನಿ. ನಮ್ಮೂರ ಹುಡುಗಿ ಒಬ್ಬಾಕಿ ಮಾಡಿ ಕೊಡ್ತಾಳ. ಅಂಗಡೀಗೆ ಬಂದೋರು ಮೊದಲು ಅವಳದೇ ಕೇಳ್ತಾರ," ಎಂದು ಒಳಗಿಂದ ಬೇರೆ ಡಬ್ಬ ತಂದರು.

ಹಾಲಿನ ಹಾಗೆ ಬಿಳಿ. ಆನೆಯ ಕಿವಿಯ ಮಡಿಕೆ ಕೂಡ ಕಾಣುತ್ತಿತ್ತು. ಗಿಳಿಯ ಕೊರಳಲ್ಲಿ ಒಂದು ಸಣ್ಣ ಗುಬುಟು, ಮಣಿ ಕಟ್ಟಿದ ಹಾಗೆ. ಅಚ್ಚಿಗೆ ಅಲ್ಲಿ ಪೆಟ್ಟು ಬಿದ್ದಿರಬೇಕು. ಒಳ್ಳೆಯದೇ ಆಯಿತು, ಸ್ವಲ್ಪ ಊನ ಇದ್ದರೆ ಮನೆಯದೇ ಅಂತ ನಂಬುತ್ತಾರೆ ಎಂದು ಗಿಳಿಯನ್ನೇ ಹುಡುಕಿ ಎರಡು ಜಾಸ್ತಿ ಹಾಕಿಸಿಕೊಂಡೆ.

ಬಸ್ಸಿನಲ್ಲಿ ಡಬ್ಬವನ್ನು ತೊಡೆ ಮೇಲಿಟ್ಟುಕೊಂಡು ಬಂದೆ. ಮನೆಗೆ ಬಂದು ಅಂಗಡಿಯ ಕಾಗದ ತೆಗೆದು, ಅತ್ತೆಯ ಹಳೆ ಸೀರೆಯ ಚೂರಿನಲ್ಲಿ ಸುತ್ತಿಟ್ಟೆ. ಅದು ಮಾಡುವಾಗ ಮಾತ್ರ ದೇವರಕೋಣೆಯಲ್ಲಿನ ಅವರ ಫೋಟೋ ಕಡೆ ನೋಡಲಿಲ್ಲ.

ನವೆಂಬರ್ 5, ಬುಧವಾರ. ಗೌರಿ ಹುಣ್ಣಿಮೆ

ಭೂಮಿ ಬಾಯಿ ಬಿಡಬಾರದೇ ಅನ್ನುತ್ತಾರಲ್ಲ. ಬಿಡಲಿಲ್ಲ. ಇನ್ನೂ ಇಲ್ಲೇ ಕೂತಿದ್ದೇನೆ.

ನಾವು ಮೂವರೂ ಕಾರಿನಲ್ಲಿ ಹೋದೆವು. ಬೀಗರ ಮನೆಯ ನಡುಮನೆ ತುಂಬ ಓಣಿಯ ಹೆಂಗಸರು. ಕೃತಿಕಾ ನಾವು ಒಯ್ದ ಹಸಿರು ಸೀರೆ ಉಟ್ಟು ಬಂದಳು. ಚೆಂದ ಕಾಣುತ್ತಿದ್ದಳು ಹುಡುಗಿ. ನಾನು ಎಲ್ಲರೆದುರು ಅತ್ತೆಯ ಸೀರೆಯ ಗಂಟು ಬಿಚ್ಚಿ ಒಂದೊಂದೇ ಗೊಂಬೆ ತಟ್ಟೆಗಿಟ್ಟೆ. "ಅಬ್ಬಬ್ಬ!" ಎಂದರು ಎಲ್ಲರೂ.

ಕೃತಿಕಾ ಗಿಳಿಯನ್ನು ಎತ್ತಿಕೊಂಡಳು. ಕೊರಳಿನ ಆ ಗುಬುಟಿನ ಮೇಲೆ ಬೆರಳಾಡಿಸಿದಳು. ಅವಳಮ್ಮನ ಕಡೆ ನೋಡಿದಳು. ಕಸ್ತೂರಮ್ಮನ ಮುಖದಲ್ಲಿ ರಕ್ತವೇ ಇರಲಿಲ್ಲ. ಊನ ಇದೆಯೆಂದು ಬೇಜಾರಾಯಿತೇನೋ ಅಂದುಕೊಂಡೆ, ನನ್ನ ಬುದ್ಧಿಗೆ ಬೆಂಕಿ ಹಾಕ!

ಎದುರುಮನೆಯ ರೂಪಶ್ರೀ ಅನ್ನುವವಳು ಬಿಡಬೇಕಲ್ಲ. "ಇಷ್ಟು ಬೆಳ್ಳಗೆ ಹೆಂಗೆ ಬಂದ್ವು ಬೀಗ್ರೆ? ಹಾಲು ಯಾವಾಗ ಹಾಕ್ತೀರಿ?" ಎಂದಳು.

ಹಾಲು? ಹಾಲು ಹಾಕಬೇಕೆಂದೇ ನನಗೆ ಗೊತ್ತಿರಲಿಲ್ಲ. "ಕೊನೆಗೆ ಹಾಕ್ಬೇಕ್ರಿ. ಇಳಿಸೋ ಮುಂದ," ಎಂದೆ.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೋ ಕೆಮ್ಮಿದರು. ಆಗ ಕೃತಿಕಾ ತಟ್ಟೆಯಿಂದ ತಲೆ ಎತ್ತದೆ ಹೇಳಿದಳು: "ಇಲ್ರಿ ಅತ್ತೆ, ನೀವೇ ಅವತ್ತು ಫೋನಿನಾಗ ಹೇಳಿದ್ರಲ್ಲ, ಸಕ್ಕರೆ ಕುದಿಯಾಕ ಹತ್ತಿದ ಕೂಡ್ಲೆ ಹಾಲು ಹಾಕಿ ಮೇಲೆ ಬಂದ ಕೊಳೆ ತೆಗೀಬೇಕಂತ. ಈ ಗದ್ದಲದಾಗ ಮರ್ತೀರಿ. ಭಾಳ ಚೆಂದ ಮಾಡೀರಿ ಅತ್ತೆ."

ನಾನು ಅವಳಿಗೆ ಯಾವ ಫೋನೂ ಮಾಡಿರಲಿಲ್ಲ. ಹುಡುಗಿ ಚುರುಕು, ಅತ್ತೆಯ ಮಾನ ಉಳಿಸಿದಳು ಎಂದು ಒಳಗೇ ಹಿಗ್ಗಿದೆ.

ಊಟಕ್ಕೆ ಮೊದಲು ಕೈ ತೊಳೆಯಲು ಹಿತ್ತಲ ಪಡಸಾಲೆಗೆ ಹೋದೆ. ಬಚ್ಚಲ ಪಕ್ಕ ಒಂದು ಪ್ಲಾಸ್ಟಿಕ್ ಬಕೆಟ್, ಮೇಲೆ ಟವೆಲು. ಟವೆಲು ಅರ್ಧ ಸರಿದಿತ್ತು. ನೀರಿನಲ್ಲಿ ಮರದ ಅಚ್ಚುಗಳು. ಗೋಡೆಗೆ ಒರಗಿಸಿದ ಹಲಗೆಯ ಮೇಲೆ ಮುರಿದ ಗೊಂಬೆಗಳು, ಮಾರಲಿಕ್ಕೆ ಬಾರದವು. ಕಾಲಿಲ್ಲದ ಬಸವಣ್ಣ. ತಲೆ ಬಿದ್ದ ಕುದುರೆ. ಮೂರು ಗಿಳಿಗಳು. ಮೂರರ ಕೊರಳಲ್ಲೂ ಗುಬುಟು.

ನಮ್ಮೂರ ಹುಡುಗಿ ಒಬ್ಬಾಕಿ ಮಾಡಿ ಕೊಡ್ತಾಳ.

ಬೆನ್ನ ಹಿಂದೆ ಕಸ್ತೂರಮ್ಮ ಬಂದು ನಿಂತಿದ್ದರು. ಮುಂದೆ ನುಗ್ಗಿ ಟವೆಲು ಎಳೆದು ಬಕೆಟ್ಟು ಮುಚ್ಚಿದರು. ತಪ್ಪು ಮಾಡಿದವರು ಅವರು ಅನ್ನುವ ಹಾಗೆ ಬಕೆಟ್ಟಿಗೆ ಅಡ್ಡ ನಿಂತರು. "ಹಳೇ ಸಾಮಾನ್ರಿ ಬೀಗ್ರೆ, ಏನೂ ಇಲ್ಲ. ಬಿಸಿನೀರು ಐತೆ, ಕೈ ತೊಳಕೊಳ್ರಿ," ಎಂದರು.

ಕೈ ತೊಳೆದುಕೊಂಡೆ. ಹೋಗಿ ಊಟಕ್ಕೆ ಕೂತೆ. ಏನು ಉಂಡೆನೋ ದೇವರಿಗೇ ಗೊತ್ತು. ಅವಳ ಕೈಯಾರೆ ಮಾಡಿದ್ದನ್ನು ಅವಳಿಗೇ ನನ್ನದೆಂದು ಕೊಟ್ಟೆ. ಅವಳು ಎಲ್ಲರ ಮುಂದೆ ಅದನ್ನು ನನ್ನದೆಂದು ಹೊಗಳಿದಳು.

ನವೆಂಬರ್ 6, ಗುರುವಾರ

ನಯನಾ ಬಂದು ಎಲ್ಲರೂ ಏನಂದರು ಎಂದು ಕೇಳಿದಳು. ಮೆಚ್ಚಿಕೊಂಡರು ಅಂದೆ. ಸುಳ್ಳಲ್ಲ. ಅದೇ ಸುಡುತ್ತಿದೆ.

ನವೆಂಬರ್ 7, ಶುಕ್ರವಾರ

ಕೃತಿಕಾ ಫೋನ್ ಮಾಡಿದ್ದಳು. ಮೊದಲಿನ ಹಾಗೆಯೇ, "ಊಟ ಆತೇನ್ರಿ ಅತ್ತೆ?" ಎಂದಳು. ಕುಕ್ಕರ್ ಕೂಗುತ್ತಿದೆ ಎಂದು ಇಟ್ಟುಬಿಟ್ಟೆ. ಒಲೆ ಮೇಲೆ ಕುಕ್ಕರ್ ಇರಲೇ ಇಲ್ಲ.

ನವೆಂಬರ್ 9, ಭಾನುವಾರ

ನಾಗು ಬೆಳಗ್ಗೆಯಿಂದ ಮುಖ ಊದಿಸಿಕೊಂಡಿದ್ದ. ದೋಸೆ ಮುಟ್ಟಲಿಲ್ಲ. ಕೇಳಿದ್ದಕ್ಕೆ ಮೊದಲು ಏನಿಲ್ಲ ಅಂದ. ಆಮೇಲೆ ತಡೆಯಲಾರದೆ ಹೇಳಿದ.

"ಕೃತಿಕಾ ಅಚ್ಚು ಎಲ್ಲ ಕೊಟ್ಟುಬಿಟ್ಲಮ್ಮ. ಅವರಜ್ಜಿ ಅಚ್ಚು. ಪ್ಯಾಟ್ಯಾಗ ಕುತುಬುದ್ದೀನ್ ಸಾಬರ ಅಂಗಡೀಗೆ ಹೋಗಿ, ಯಾರಿಗಾದ್ರೂ ಕೊಡ್ರಿ ಅಂತ ಇಟ್ಟು ಬಂದಾಳ. ಅವರಮ್ಮನೇ ಕೊಡ್ಸಿದ್ದು."

"ಅವಳು ಆರತಿ ಮಾಡ್ತಾಳಂತ ನಿನಗ ಗೊತ್ತಿತ್ತೇನೋ?"

"ಗೊತ್ತಿತ್ತು. ಸಾಲಿ ಮಕ್ಕಳಿಗೂ ಕಲಿಸ್ತಾಳ. ಪ್ರತಿ ವರ್ಷ ಸಾಬರ ಅಂಗಡೀಗೆ ಮಾಡಿ ಕೊಡ್ತಾಳ. ನಿನಗ ಹೇಳಬ್ಯಾಡ ಅಂದಿದ್ಲು. ನೀನೇ ಏನೋ ಅಂದಿಯಂತಲ್ಲ ಅವತ್ತು ಊಟಕ್ಕ ಕುಂತಾಗ. ಮಾರೋರ ಮನ್ಯಾಗ ಗೌರಿ ನಿಲ್ಲಂಗಿಲ್ಲ ಅಂತ."

ನಾನು ಒಲೆ ಆರಿಸಿದೆ.

"ಈಗ ಇದು ಬಿಟ್ಟೀನಿ, ನಿಮ್ಮನೀಗೆ ಬಂದ ಮ್ಯಾಲೆ ಇನ್ನೇನೇನು ಬಿಡಬೇಕೋ ಅಂತ ಕೇಳ್ತಾಳ. ಮದುವೆ ಸ್ವಲ್ಪ ಮುಂದಕ್ಕ ಹಾಕಾನ, ಯೋಚನೆ ಮಾಡ್ಬೇಕು ಅಂದ್ಲು," ಎಂದು ಎದ್ದು ಹೋದ. ದೋಸೆ ಹಾಗೇ ಇತ್ತು.

ನಾನು ಕೊಂಡು ತಂದದ್ದರ ಬಗ್ಗೆ ಅವನಿಗೆ ಅವಳು ಒಂದು ಮಾತೂ ಹೇಳಿಲ್ಲ. ಹೇಳಿದ್ದರೆ ನನಗೆ ಸಿಟ್ಟು ಮಾಡಿಕೊಳ್ಳಲಿಕ್ಕಾದರೂ ಒಂದು ಕಾರಣ ಸಿಗುತ್ತಿತ್ತು. ನನ್ನ ನಾಲಿಗೆಯ ಒಂದು ಮಾತಿಗೆ ಆ ಹುಡುಗಿ ಕೈಯಲ್ಲಿದ್ದ ಕಸುಬು ಬಿಟ್ಟಳು, ನಾಳೆ ನನ್ನ ಮಗನನ್ನೂ ಬಿಡಬಹುದು. ಮಾರುವವರ ಮನೆಯಲ್ಲಿ ಗೌರಿ ನಿಲ್ಲುವುದಿಲ್ಲವಂತೆ! ಕೊಂಡು ತಂದು ಸುಳ್ಳು ಹೇಳುವವಳ ಮನೆಯಲ್ಲಿ ನಿಲ್ಲುತ್ತಾಳೇನು?

ನವೆಂಬರ್ 11, ಮಂಗಳವಾರ

ಅಚ್ಚು ನೆನೆಹಾಕಿದೆ. ಯಾಕೆಂದು ಗೊತ್ತಿಲ್ಲ.

ನವೆಂಬರ್ 12, ಬುಧವಾರ

ಸಕ್ಕರೆ ಕುದಿ ಬಂದ ಕೂಡಲೇ ಹಾಲು ಹಾಕಿದೆ. ಅಬ್ಬ, ಎಷ್ಟು ಕೊಳೆ ಮೇಲೆ ಬಂತು! ಅಂಗಡಿಯಿಂದ ತಂದ ಬೆಳ್ಳಗಿನ ಸಕ್ಕರೆಯಲ್ಲಿ ಇಷ್ಟು ಇರುತ್ತದೆಂದು ಗೊತ್ತೇ ಇರಲಿಲ್ಲ. ಬಟ್ಟೆಯಲ್ಲಿ ಸೋಸಿದೆ. ಪಾಕ ತಿಳಿಯಾಯಿತು. ಆದರೆ ಬೆಳ್ಳಗಾಗಲೆಂದು ಸೌಟಿನಿಂದ ತಿಕ್ಕಿದ್ದು ಜಾಸ್ತಿಯಾಗಿ ಪಾತ್ರೆಯಲ್ಲೇ ಗಟ್ಟಿಯಾಯಿತು. ಮತ್ತೆ ನೀರು ಹಾಕಿ ಕರಗಿಸಿದೆ.

ಮಧ್ಯಾಹ್ನ ಊಟಕ್ಕೆ ಬಂದ ಇವರು ನೋಡಿ, "ಹುಣ್ಣಿಮೆ ಮುಗೀತಲ್ಲೇ, ಇನ್ನು ಯಾರಿಗೆ ಆರತಿ?" ಎಂದರು. "ಯಾರಿಗೂ ಅಲ್ಲ, ಉಣ್ರಿ ಸುಮ್ಮನೆ," ಎಂದೆ. ಅಡುಗೆಮನೆ ಕಿಟಕಿ ತೆರೆದೇ ಇತ್ತು. ನಯನಾ ನೋಡಿರಬೇಕು. ಯಾರಿಗೆ ಗೊತ್ತು.

ನವೆಂಬರ್ 14, ಶುಕ್ರವಾರ

ಬಲಗೈ ಹೆಬ್ಬೆರಳು ಸುಟ್ಟಿತು. ಬೊಬ್ಬೆ ಬಂದಿದೆ. ಅತ್ತೆಯ ಬೆರಳುಗಳ ಮೇಲೆ ಅಂಥ ಕಲೆ ಇದ್ದವು. ಏನೆಂದು ಒಂದು ದಿನವೂ ಕೇಳಿರಲಿಲ್ಲ.

ನವೆಂಬರ್ 15, ಶನಿವಾರ

ಒಂದು ಆನೆ ನಿಂತಿತು!

ನಾಲ್ಕು ಕಾಲೂ ಇವೆ. ಬೆಳ್ಳಗೆ ಅನ್ನುವ ಹಾಗಿಲ್ಲ, ಮಾಸಿದ ಪಂಚೆಯ ಬಣ್ಣ. ಬಿಡಿಸುವಾಗ ಸೊಂಡಿಲು ಅಚ್ಚಿನಲ್ಲೇ ಉಳಿಯಿತು. ಆದರೂ ನಿಂತಿದೆ. ಇವರನ್ನು ಕೂಗಿ ಕರೆದೆ.

ಇವರು ಸುತ್ತ ತಿರುಗಿ ನೋಡಿದರು. "ಇದು ನೀನು ಮಾಡಿದ್ದು," ಎಂದರು. "ಅವತ್ತು ಒಯ್ದದ್ದು ನೀನು ಮಾಡಿದ್ದಲ್ಲ ಅಂತ ನನಗ ಆಗಲೇ ಗೊತ್ತಿತ್ತು. ಅವಕ್ಕ ಮುಖ ಮೂತಿ ಎಲ್ಲ ಇದ್ವು."

ಎಲ್ಲ ಹೇಳಿಬಿಟ್ಟೆ. ಬಸ್ಸು, ಸೆರಗು, ಸಾಬರ ಅಂಗಡಿ, ಬಕೆಟ್ಟು, ಎಲ್ಲ. ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ. "ನಾಳೆ ಐತವಾರ. ಹುಡುಗಿ ಮನ್ಯಾಗ ಇರ್ತಾಳ. ನಾನು ಬರ್ಲೇನು?" ಎಂದರು. ಬ್ಯಾಡ ಅಂದೆ.

ನವೆಂಬರ್ 16, ಭಾನುವಾರ

ಮೊದಲು ಹೋದದ್ದು ಕುತುಬುದ್ದೀನ್ ಸಾಬರ ಅಂಗಡಿಗೆ. ಈ ಸಲ ಸೆರಗು ಹೆಗಲ ಮೇಲೇ ಇತ್ತು. ಅವರು ಗುರುತು ಹಿಡಿದರು. "ಏನಕ್ಕಾ, ಆರತಿ ಎಲ್ಲ ಮುಗದಾವ ಈಗ," ಎಂದರು.

"ಆ ಹುಡುಗಿ ಅಚ್ಚು ಕೊಟ್ಟು ಹೋಗ್ಯಾಳಂತಲ್ರಿ. ಅವು ಬೇಕಾಗಿದ್ವು."

ಅವರ ಮುಖ ಬಿಗಿಯಾಯಿತು. "ಯಾರಿಗಾದ್ರೂ ಕೊಡ್ರಿ ಅಂತ ಹೇಳ್ಯಾಳ, ಖರೆ. ಆದ್ರೆ ಕಣ್ಣಾಗ ನೀರು ತುಂಬ್ಕೊಂಡು ಹೇಳಿದ್ದು. ಹಂಗೆಲ್ಲ ಕೊಡಂಗಿಲ್ಲಕ್ಕಾ. ತಿರುಗಿ ಬರ್ತಾಳ, ಅವಳಿಗೇ ಕೊಡ್ತೀನಿ. ನೀವು ಯಾರು?"

ಬೆಲ್ಲ ಕೊಳ್ಳಲು ಬಂದ ಇಬ್ಬರು ಹೆಂಗಸರು ಪಕ್ಕದಲ್ಲೇ ನಿಂತಿದ್ದರು. ಅವರು ಹೋಗಲಿ ಎಂದು ಕಾದೆ. ಹೋಗಲಿಲ್ಲ. 

"ನಾನು ಆಕಿ ಅತ್ತೆ ಆಗೋಳ್ರಿ. ನಾನೇ ಮಾಡಿದ್ದು ಅಂತ ಹೇಳಿ ಒಯ್ದು ಕೊಡಾಕ ಅವತ್ತು ನಿಮ್ಮ ಹತ್ರ ಆರತಿ ಕೊಂಡೆ. ಅವು ಅವಳವೇ ಅಂತ ನನಗ ಗೊತ್ತಿರಲಿಲ್ಲ."

ಸಾಬರು ತಕ್ಕಡಿ ಕೆಳಗಿಟ್ಟರು. "ಅಂದ್ರೆ ಅವಳ ಗೊಂಬೆ ಅವಳಿಗೇ ಒಯ್ದು... ಯಾ ಅಲ್ಲಾ!" ಎಂದು ನಗಲು ಹೊರಟವರು ನನ್ನ ಮುಖ ನೋಡಿ ನುಂಗಿಕೊಂಡರು. ಬೆಲ್ಲದ ಹೆಂಗಸರು ನುಂಗಿಕೊಳ್ಳಲಿಲ್ಲ. ಕಿವಿಯ ತುದಿಯವರೆಗೆ ಸುಟ್ಟ ಹಾಗಾಯಿತು. ಸಾಬರು ಒಳಗಿಂದ ಚೀಲ ತಂದು ನನ್ನ ಕೈಗೇ ಕೊಟ್ಟರು. "ಬರೋ ವರ್ಷಾನೂ ನನಗೇ ಮಾಡಿ ಕೊಡಾಕ ಹೇಳ್ರಿ ಮತ್ತ," ಎಂದರು.

ಬೀಗರ ಮನೆಯ ಬಾಗಿಲು ತೆಗೆದವಳು ಕೃತಿಕಾ. ಚೀಲ ನೋಡಿದಳು, ಅಚ್ಚಿನ ಮೂಲೆ ಹೊರಗೆ ಕಾಣುತ್ತಿತ್ತು.  ಕಸ್ತೂರಮ್ಮ ಒಳಗಿಂದ ಗಾಬರಿಯಾಗಿ ಬಂದು, "ಬರ್ರಿ ಬೀಗ್ರೆ, ಕೂಡ್ರಿ, ಒಂದು ಫೋನ್ ಮಾಡಿದ್ರೆ..." ಎಂದು ಚಾಪೆ ಹುಡುಕತೊಡಗಿದರು. ನಾನು ಕೂಡಲಿಲ್ಲ. ಸ್ಟೀಲ್ ಡಬ್ಬಿ ತೆಗೆದು ಆನೆಯನ್ನು ಹುಡುಗಿಯ ಕೈಗಿಟ್ಟೆ.

"ಇದು ನಾನು ಮಾಡಿದ್ದವ್ವಾ. ಅವತ್ತು ತಂದದ್ದು ನಿನ್ನದು. ಕೊಂಡು ತಂದು ಸುಳ್ಳು ಹೇಳಿದೆ. ಅಷ್ಟೂ ಸಾಲದು ಅಂತ ಮಾರೋರ ಬಗ್ಗೆ ಬಾಯಿಗೆ ಬಂದಂಗ ಅಂದೆ. ತಪ್ಪಾತು."

ಎಷ್ಟು ಸಲ ಮನಸ್ಸಿನಲ್ಲೇ ಹೇಳಿಕೊಂಡು ಬಂದಿದ್ದೆ, ಬಸ್ಸಿನಲ್ಲಿ. ಇನ್ನೂ ಉದ್ದವಿತ್ತು. ಮುಂದಿನದು ಮರೆತುಹೋಯಿತು.

ಕಸ್ತೂರಮ್ಮ ಸೆರಗು ಬಾಯಿಗಿಟ್ಟುಕೊಂಡು ಅಳತೊಡಗಿದರು. "ನಾವೂ ಮುಚ್ಚಿಟ್ವಲ್ರಿ. ಎಲ್ಲಿ ಸಂಬಂಧ ತಪ್ಪಿಹೋಗ್ತೈತೋ ಅಂತ ಆ ಕೂಸಿನ ಕೈಯಾಗಿಂದ ಕಸಕೊಂಡು ಕೊಡಿಸಿಬಿಟ್ಟೆ," ಎಂದರು.

ಕೃತಿಕಾ ಆನೆಯನ್ನೇ ನೋಡುತ್ತಿದ್ದಳು. "ಗಿಣಿ ನೋಡಿದ ಕೂಡ್ಲೆ ನನಗ ಮೊದಲು ಖುಷಿ ಆತ್ರಿ ಅತ್ತೆ," ಎಂದಳು. "ಅಷ್ಟು ಆರತಿ ಬಿಟ್ಟು ನಂದೇ ಆರಿಸಿ ತಂದಾರಲ್ಲ ಅಂತ. ಆಮ್ಯಾಲೆ ಎಲ್ಲರ ಮುಂದ ಅದು ನಂದಲ್ಲ ಅಂತ ನಾನೇ ಹೇಳ್ಬೇಕಾತು. ಅದಕ್ಕ ಸಿಟ್ಟು ಬಂದಿತ್ತು. ಇನ್ನೂ ಒಂಚೂರು ಐತೆ."

"ಇರ್ಲಿ," ಎಂದೆ. 

ಅವಳು ಆನೆಯನ್ನು ಬೆಳಕಿಗೆ ಹಿಡಿದು ತಿರುಗಿಸಿದಳು. ನನ್ನ ಹೆಬ್ಬೆರಳಿನ ಬೊಬ್ಬೆಯನ್ನೂ ನೋಡಿದಳು. "ಪಾಕ ಆರೂತನ ಬಿಟ್ಟು ಹೊಯ್ದೀರಿ. ಅದಕ್ಕೇ ಸೊಂಡ್ಲಿನಾಗ ಪೂರ್ತಿ ಇಳೀದ ಮುರದೈತೆ. ಬರ್ರಿ," ಎಂದು ಚೀಲ ತೆಗೆದುಕೊಂಡು ಹಿತ್ತಲ ಕಡೆ ನಡೆದಳು. ಟೀಚರ್ ಅಲ್ಲವೇ, ಧ್ವನಿಯೇ ಹಾಗೆ. ನಾನು ಹಿಂದೆ ಹೋದೆ.

ನೆನೆದ ಅಚ್ಚು ಇರಲಿಲ್ಲವಾದ್ದರಿಂದ ಇವತ್ತು ಪಾಕ ಮಾತ್ರ. ಒಲೆ ಮುಂದೆ ಕೂತಿದ್ದಾಗ ಎದುರುಮನೆ ರೂಪಶ್ರೀ ಮೊಸರಿಗೆ ಹೆಪ್ಪು ಕೇಳಲು ಬಂದಳು. ನನ್ನನ್ನು ನೋಡಿ, "ಓಹೋ, ಅತ್ತೆ ಸೊಸೆಗೆ ಆರತಿ ಕಲಿಸಾಕ ಬಂದಾರ!" ಎಂದಳು.

ಕಸ್ತೂರಮ್ಮ ಹೆಪ್ಪಿನ ಬಟ್ಟಲು ಹಿಡಿದು ನಿಂತಲ್ಲೇ ನಿಂತರು. ಕೃತಿಕಾ ಏನೋ ಹೇಳಲು ಬಾಯಿ ತೆರೆದಳು. ಮತ್ತೆ ನನ್ನನ್ನು ಉಳಿಸುವ ಮಾತೇ ಇರಬೇಕು. ಅವಳ ಕೈ ಹಿಡಿದೆ.

"ಇಲ್ರಿ, ಕಲಿಯಾಕ ಬಂದೀನಿ," ಎಂದೆ. "ಅವತ್ತು ನಾನು ತಂದದ್ದು ಇವಳೇ ಮಾಡಿದ್ದು. ಪ್ಯಾಟ್ಯಾಗ ಕೊಂಡಿದ್ದೆ. ಹಾಲು ಯಾವಾಗ ಹಾಕ್ತಾರಂತ ನನಗ ಗೊತ್ತಿರಲಿಲ್ಲ."

ರೂಪಶ್ರೀ ಬಾಯಿ ತೆರೆದುಕೊಂಡು ನಿಂತಳು. ಸಂಜೆಯೊಳಗೆ ಓಣಿಗೆಲ್ಲ ಹೇಳಿರುತ್ತಾಳೆ. ಕಸ್ತೂರಮ್ಮ ಬಟ್ಟಲು ಅವಳ ಕೈಗೆ ಕೊಡುತ್ತ, "ಹೌದು, ನಮ್ಮ ಹುಡುಗಿ ಮಾಡಿ ಅಂಗಡೀಗೆ ಕೊಡ್ತಾಳ. ನಿನಗ ಬೇಕಿದ್ರೆ ಮೊದ್ಲೇ ಹೇಳು," ಎಂದರು. ಅವರ ಧ್ವನಿ ಅಷ್ಟು ಜೋರಾಗಿ ಕೇಳಿದ್ದು ನಾನು ಇದೇ ಮೊದಲು.

ಬಸ್ಸಿನಲ್ಲಿ ಬರುವಾಗ ಇನ್ನೂ ಮುಖ ಬಿಸಿಯಾಗಿಯೇ ಇತ್ತು. ಎಲ್ಲ ಸರಿಹೋಯಿತು ಅನ್ನಲಾರೆ. ಮದುವೆ ದಿನದ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹೊರಡುವಾಗ ಮಾತ್ರ, "ಬರೋ ಐತವಾರ ನಾನೇ ಅಚ್ಚು ನೆನೆಹಾಕಿರ್ತೀನಿ, ಬೇಗ ಬರ್ರಿ," ಎಂದಳು.

ನವೆಂಬರ್ 24, ಸೋಮವಾರ

ನಿನ್ನೆ ಹರಿಹರದಲ್ಲಿ ಎರಡು ಕುದುರೆ, ಒಂದು ತುಳಸಿಕಟ್ಟೆ. ತುಳಸಿಕಟ್ಟೆ ಸ್ವಲ್ಪ ವಾಲಿದೆ. ಸಂಕ್ರಾಂತಿಗೆ ಎಳ್ಳಿಗೆ ಪಾಕ ಹತ್ತಿಸುವ ಕುಸುರೆಳ್ಳು ಕಲಿಸುತ್ತಾಳಂತೆ, ಅದು ಇದಕ್ಕಿಂತ ಕಷ್ಟವಂತೆ. ಮದುವೆ ಜವಳಿಗೆ ಯಾವತ್ತು ಹೋಗೋಣ ಎಂದು ಕೃತಿಕಾ ತಾನಾಗಿಯೇ ಕೇಳಿದಳೆಂದು ನಾಗು ಹೇಳಿದ. ನಾಲ್ಕು ದೋಸೆ ತಿಂದ.

ಹಾಗೇ ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದ. ಬೀಗರ ನಡುಮನೆಯ ಷೋಕೇಸು. ಕೃತಿಕಾ ಕಾಲೇಜಿನಲ್ಲಿ ಗೆದ್ದ ಕಪ್ಪುಗಳ ನಡುವೆ, ಎಲ್ಲರ ಕಣ್ಣಿಗೂ ಬೀಳುವ ಜಾಗದಲ್ಲಿ, ನನ್ನ ಆನೆ!  ಆಗಲೇ ಅವಳಿಗೆ ಫೋನ್ ಹಚ್ಚಿದೆ.

"ತೆಗಿಯವ್ವಾ ಅದನ್ನ. ಬಂದೋರೆಲ್ಲ ಕೇಳ್ತಾರ."

"ಕೇಳ್ಲಿ ಬಿಡ್ರಿ. ನಮ್ಮತ್ತೆ ಕೈಯಾರ ಮಾಡಿದ್ದು ಅಂತೀನಿ. ಈಗ ಸುಳ್ಳಲ್ಲವಲ್ಲ," ಎಂದಳು.

 ನಾಚಿಕೆಯೋ ನಾಚಿಕೆ. ತೆಗಿ ಎಂದು ಎರಡನೇ ಸಲ ಹೇಳಲಿಲ್ಲ.

ಮಧ್ಯಾಹ್ನ ನಯನಾ ಬಂದಿದ್ದಳು. ನಾಗು ನನ್ನ ಫೋನಿಗೂ ಕಳಿಸಿದ್ದ, ಅವಳಿಗೂ ಫೋಟೋ ತೋರಿಸಿದೆ. ಕಣ್ಣು ಕಿರಿದು ಮಾಡಿ ನೋಡಿದಳು.

"ಇದೇನ್ರೀ ಅಕ್ಕಾ, ಹಂದೀನಾ?"

"ಆನೆ," ಎಂದೆ. "ನಾನೇ ಮಾಡಿದ್ದು."